ಬ್ಯಾರಲ್ಲಿಗೆ ಹೊದಿಸಿದ ಟವೆಲ್

ಸೊಲ್ಲಾಪುರದಲ್ಲಿ ಯಾರ ಮನೆಗಾದರೂ ಡೆಂಗ್ಯೂ ಬರಲಿ, ಟವೆಲ್ ವ್ಯಾಪಾರಿ ರಾಚಪ್ಪನ ಮನೆಯ ಹೊಸ್ತಿಲು ಮಾತ್ರ ದಾಟಕೂಡದು ಎಂದು ನಾನು ಶ್ರಾವಣದ ಮೊದಲ ಸೋಮವಾರ ಘೋಷಿಸಿದೆ. ಈ ಐತಿಹಾಸಿಕ ಘೋಷಣೆಯನ್ನು ಕೇಳಿದವರು ಇಬ್ಬರೇ. ಒಬ್ಬಳು ಹೆಂಡತಿ ಶುಭಾಂಗಿ. ಇನ್ನೊಬ್ಬರು, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅಕ್ಕಲಕೋಟೆಯಿಂದ ಬಂದು, ಆಪರೇಶನ್ ಆದಮೇಲೆ ನಮ್ಮಲ್ಲೇ ಉಳಿದಿದ್ದ ಅತ್ತೆ ಸುಗಲಾಬಾಯಿ.

ಪಕ್ಕದ ಮನೆಯ ನಿಲೇಶನಿಗೆ ಡೆಂಗ್ಯೂ ಎಂದು ಅಂದೇ ರಿಪೋರ್ಟ್ ಬಂದಿತ್ತು.

“ಅವ್ವನ್ನ ಅಕ್ಕಲಕೋಟಿಗೆ ಕಳಸಿಬಿಡೂಣ್ರಿ. ಗುರುಸಿದ್ಧ ಎರಡ ಸಲ ಫೋನ್ ಮಾಡ್ಯಾನ,” ಎಂದಳು ಶುಭಾಂಗಿ. ಗುರುಸಿದ್ಧ ಅವಳ ತಮ್ಮ.

“ಕಳಸಿದ್ರ ನಿನ್ನ ತಮ್ಮ ಏನಂತಾನ? ಮಾವಗ ಒಂದ ತಿಂಗಳಾ ನಮ್ಮವ್ವನ್ನ ಜ್ವಾಪಾನ ಮಾಡಾಕ ಆಗಲಿಲ್ಲ ಅಂತಾನ. ಅವರಿಗಿ ಇಲ್ಲಿ ಒಂದ ಗುಂಗಾಡ ಕಡೀಲಿ, ನನ್ನ ಹೆಸರ ರಾಚಪ್ಪ ಅಲ್ಲ.”

“ಮತ್ತ ಆಗ ಏನಂತ ಕರೀಬೇಕ್ರಿ?”

ನಾನು ಸುಟ್ಟ ಎಣ್ಣೆಯ ಡಬ್ಬಿ ಹುಡುಕಲು ಎದ್ದೆ. ಯುದ್ಧಕ್ಕೆ ಹೊರಟವನು ಇಂಥದ್ದಕ್ಕೆಲ್ಲ ನಿಲ್ಲಬಾರದು.

ಗುಂಗಾಡವೆಂದರೆ ಸೊಳ್ಳೆ, ಸೊಳ್ಳೆಯ ತವರು ಕೊಳಚೆ ಗಟಾರ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸತ್ಯ. ಆದ್ದರಿಂದ ದಿನಾ ಸಂಜೆ ಮನೆಮುಂದಿನ ಗಟಾರಕ್ಕೆ ಸುಟ್ಟ ಎಣ್ಣೆ ಸುರಿದೆ. ಬೇವಿನ ಸೊಪ್ಪಿನ ಹೊಗೆ ಹಾಕಿ ಇಡೀ ಗಲ್ಲಿಯನ್ನು ಕೆಮ್ಮಿಸಿದೆ. ರಾತ್ರಿ ಎಲ್ಲರಿಗೂ ಸೊಳ್ಳೆಪರದೆ.

ಇನ್ನು ನೀರು. ನಮ್ಮಲ್ಲಿ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ, ಹಾಗಾಗಿ ಅಂಗಳದಲ್ಲಿ ಏಳು ಬ್ಯಾರಲ್ ಸದಾ ತುಂಬಿರುತ್ತವೆ. ಅವುಗಳ ಮುಚ್ಚಳಗಳು ಎಂದೋ ಕಳೆದುಹೋಗಿದ್ದವು. ಅಂಗಡಿಯಲ್ಲಿ ನೇಯ್ಗೆ ತಪ್ಪಿ ಉಳಿದ ಟವೆಲ್‌ಗಳಿದ್ದವು. ತಲಾ ಒಂದರಂತೆ ಹೊದಿಸಿದೆ. ನೋಡಲು ಎಷ್ಟು ಚೆಂದ ಕಂಡಿತೆಂದರೆ, ಉಳಿದ ನಲವತ್ತನ್ನು ಗಲ್ಲಿಯ ಬ್ಯಾರಲ್‌ಗಳಿಗೆಲ್ಲ ಪುಕ್ಕಟೆ ಹಂಚಿದೆ. ಎಲ್ಲದರ ಮೇಲೂ ದೊಡ್ಡಕ್ಷರದಲ್ಲಿ ನಮ್ಮ ಅಂಗಡಿಯ ಹೆಸರು. ಮಳೆಗೆ ಟವೆಲ್‌ಗಳು ನಡುವೆ ಜೋತುಬಿದ್ದು ಬೊಗಸೆ ಬೊಗಸೆ ನೀರು ಹಿಡಿದವು. ನಮ್ಮ ಮಾಲು ನೀರು ಹೀರುವ ಬಗೆಗೆ ಹೆಮ್ಮೆಪಟ್ಟೆ.

ಉಪಕಾರ ಅಲ್ಲಿಗೇ ನಿಲ್ಲಲಿಲ್ಲ. ನಿಲೇಶನ ಮನೆ ಗಟಾರಕ್ಕೆ ಅಂಟಿಕೊಂಡಿದೆ, ಪಾಪ. “ಹಗಲೆಲ್ಲಾ ನಮ್ಮ ಪಡಸಾಲ್ಯಾಗ ಮಲಗೋ,” ಎಂದು ಕರೆತಂದು ಮಲಗಿಸಿದೆ.

“ಕಾಕಾ, ಇಲ್ಲಿ ಕಾಲಿಗಿ ಏನೋ ಕಡ್ಯಾಕತ್ತೈತ್ರಿ,” ಎಂದ ಅವನು.

“ಜ್ವರದಾಗ ಹಂಗ ಅನಸ್ತೈತಿ. ಸುಮ್ಮ ಮಲಗು.”

ಅತ್ತೆ ಮಾತ್ರ ಹಗಲೂ ಪರದೆಯಿಂದ ಹೊರಗೆ ಬರುತ್ತಿರಲಿಲ್ಲ. ನಾನು ನಕ್ಕೆ. “ಈಗ ಯಾಕ್ರಿ ಅತ್ತಿ ಪರದಿ? ಗುಂಗಾಡ ಬರೂದು ಸಂಜಿಕ.”

“ನನಗ ಇನ್ನಾ ಸರಿ ಕಾಣವಲ್ದು, ಅಳಿಯಂದ್ರ. ಕಾಣದವ್ರು ಹುಷಾರ್ ಇರಬೇಕ್ರಿ.”

ಎರಡು ವಾರಕ್ಕೆ ನಿಲೇಶ ಎದ್ದು ಕೆಲಸಕ್ಕೆ ಹೋದ. ನಾನು ಮಲಗಿದೆ. ಎಲುಬುಗಳನ್ನು ಯಾರೋ ಒಂದೊಂದಾಗಿ ಮುರಿದು ಮತ್ತೆ ಜೋಡಿಸಿದಂತಿತ್ತು. ರಿಪೋರ್ಟಿನಲ್ಲಿ ಡೆಂಗ್ಯೂ ಎಂದಿತ್ತು. ನಿಜ ಹೇಳುತ್ತೇನೆ, ಹೆದರಿದೆ. ನನಗಾಗಿ ಅಲ್ಲ. ಎಪ್ಪತ್ತು ದಾಟಿದ ಮುದುಕಿಯನ್ನು ಹಟಕ್ಕೆ ಬಿದ್ದು ಇಟ್ಟುಕೊಂಡೆನಲ್ಲ ಎಂದು. ಅತ್ತೆಯ ಮೈ ಬಿಸಿಯಾಗಿದೆಯೇ ನೋಡೆಂದು ಶುಭಾಂಗಿಯನ್ನು ಮೂರು ಸಲ ಕಳಿಸಿದೆ. ಮೂರೂ ಸಲ ಅವರು ತಣ್ಣಗಿದ್ದರು.

ಮರುದಿನ ಆರೋಗ್ಯ ಸೇವಕಿ ಸ್ನೇಹಲ ಟಾರ್ಚ್ ಹಿಡಿದು ಬಂದಳು. ಗಟಾರದ ಕಡೆ ತಿರುಗಿಯೂ ನೋಡದೆ ಸೀದಾ ಬ್ಯಾರಲ್ ಬಳಿ ಹೋದಳು. ಟವೆಲ್ಲಿನ ತಗ್ಗಿನಲ್ಲಿ ನಿಂತ ನೀರಿನೊಳಗೆ ಸೊಳ್ಳೆಮರಿ ಹುಳುಗಳು ಕುಣಿಯುತ್ತಿದ್ದವು.

“ಕಾಕಾ, ಡೆಂಗ್ಯೂ ಗುಂಗಾಡ ಗಟಾರಕ್ಕ ಹೋಗಂಗಿಲ್ರಿ. ಅದಕ್ಕ ಸ್ವಚ್ಛ ನೀರ ಬೇಕು. ಕಡಿಯೂದೂ ಹಗಲಿ. ಡೆಂಗ್ಯೂ ಆದವನ್ನ ಕಡದು, ಆಮ್ಯಾಲ ಮತ್ತೊಬ್ಬರಿಗಿ ಹಚ್ಚತೈತಿ. ಇಲ್ಲಿ ಯಾರರೆ ಪೇಶಂಟ್ ಇದ್ರೇನು?”

“ನಿಲೇಶನ್ನ ಇವರ ಕರದು ಮಲಗಿಸಿದ್ರು,” ಎಂದಳು ಶುಭಾಂಗಿ.

“ಇಂಥಾ ಟವೆಲ್ ಗಲ್ಲ್ಯಾಗ ಇನ್ನ ಎಲ್ಲೆಲ್ಲಿ ಅದಾವ?”

“ಹುಡಕೂದ ಏನ ತ್ರಾಸಿಲ್ರಿ. ಎಲ್ಲಾದರ ಮ್ಯಾಲೂ ಇವರ ದುಕಾನದ ಹೆಸರೈತಿ.”

ಸ್ನೇಹಲ ನಗಲಿಲ್ಲ. ಬ್ಯಾರಲ್‌ಗಳನ್ನು ಬರಿದು ಮಾಡಿ, ತಿಕ್ಕಿ, ಒಣಗಿಸಿ, ಮುಚ್ಚಳ ತರಲು ಹೇಳಿದಳು. ಕೊನೆಗೆ ನನ್ನನ್ನು ತೋರಿಸಿದಳು. “ಜ್ವರ ಇಳಿಯೂತನಕ ಇವರು ಹಗಲೂ ರಾತ್ರಿ ಪರದ್ಯಾಗ ಇರಬೇಕು. ಇವರ್ನ ಕಡದ ಗುಂಗಾಡ ಗಲ್ಲಿಗೆಲ್ಲಾ ಹಂಚತೈತಿ.”

ಅತ್ತೆ ತಮ್ಮ ಪರದೆಯಿಂದ ಹೊರಬಂದರು, ನಾನು ಒಳಗೆ ಹೋದೆ. ಅವರು ಕರಿ ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ಕುರ್ಚಿ ಹಾಕಿ ಕೂತರು. ನಾನು ಪರದೆಯ ಅಂಚು ಎತ್ತಿದರೆ ಸಾಕು, ಕೆಮ್ಮುತ್ತಿದ್ದರು.

ಸುದ್ದಿ ಮುಟ್ಟಿ ಅಕ್ಕಲಕೋಟೆಯಿಂದ ಗುರುಸಿದ್ಧ ಕಾರು ತಂದ. “ಅವ್ವಾ, ನಡಿ ಮನಿಗಿ. ಇಲ್ಲಿ ಗುಂಗಾಡದ್ದ ಭಾಳ ಅಂಜಿಕಿ ಐತಿ.”

“ನಾ ಹೆಂಗ ಬರಲೋ ಯಪ್ಪಾ?” ಎಂದರು ಅತ್ತೆ. “ಎಲ್ಲಾ ಕಡೆ ಗುಂಗಾಡಕ್ಕ ಅಂಜಿ ಮನಿಶಾ ಪರದ್ಯಾಗ ಮಲಗ್ತಾನ. ಇಲ್ಲಿ ಗುಂಗಾಡಗೋಳ ಕೆಡಬಾರದಂತ ಅಳಿಯಂದ್ರನ್ನ ಪರದ್ಯಾಗ ಹಾಕೀವಿ. ಕಾಯಾಕ ಯಾರರೆ ಬ್ಯಾಡೇನು?”