ಡಬ್ಬಿಯ ಮೇಲೆ ‘ಸೂಕ್ತವಾಗಿ’ ಎಂದು ಬರೆದವರಿಗೆ

ಮಾನ್ಯರೇ,

ನೀರಿನಲ್ಲಿ ಬೆರೆಯುವ, ವಾಸನೆಯಿಲ್ಲದ, ಗನ್ನಿನಿಂದ ಸಿಂಪಡಿಸಬಹುದಾದ ತಮ್ಮ ಕಂಪನಿಯ ಮರದ ಪಾಲಿಶಿನ ಡಬ್ಬಿಯ ಮೇಲೆ ಬಳಕೆಯ ಸೂಚನೆಗಳನ್ನು ಬರೆದ ಮಹನೀಯರು ತಾವು ಯಾರೇ ಆಗಿರಲಿ, ತಮ್ಮ ಲೇಖನಿಗೆ ಮೊದಲಾಗಿ ನನ್ನ ನಮಸ್ಕಾರಗಳು. ತಮ್ಮ ಹೆಸರು ಡಬ್ಬಿಯ ಮೇಲೆ ಎಲ್ಲಿಯೂ ಇಲ್ಲ. ಇದ್ದಿದ್ದರೆ ನಾನು ಈ ಪತ್ರವನ್ನು ಬರೆಯುವ ಶ್ರಮ ತೆಗೆದುಕೊಳ್ಳದೆ ನೇರವಾಗಿ ತಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತಿದ್ದೆ; ಅದನ್ನು ಮುಂಚಿತವಾಗಿಯೇ ಊಹಿಸಿ ಹೆಸರು ಹಾಕದೆ ಬಿಟ್ಟ ತಮ್ಮ ದೂರದೃಷ್ಟಿಯನ್ನು ಮೆಚ್ಚದೆ ಇರಲಾರೆ. ಹಾಗಾಗಿ ನಾಲ್ಕು ಜನ ಓದಲಿ ಎಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನೊಬ್ಬ ಬಡಗಿ. ಮೂವತ್ತೊಂದು ವರ್ಷಗಳಿಂದ ಇದೇ ಕೆಲಸ. ಕೆಳಗೆ ಕೆಲಸದ ಕೋಣೆ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಹಳೆಯ ಪಾಲಿಶಿನ ತಿನ್ನರ್ ವಾಸನೆ ಆ ಹದಿನಾಲ್ಕು ಮೆಟ್ಟಿಲುಗಳನ್ನು ನನಗಿಂತ ಬೇಗ ಹತ್ತಿ ಮೇಲೆ ಹೋಗುತ್ತದೆ, ಮೇಲಿರುವ ನನ್ನ ಹೆಂಡತಿಗೆ ಉಬ್ಬಸವಿದೆ. ವೈದ್ಯರು ಒಂದು ದಿನ ಚೀಟಿ ಬರೆಯುವುದನ್ನು ನಿಲ್ಲಿಸಿ, “ನೋಡಿ, ಒಂದೋ ಆ ವಾಸನೆ ಮನೆ ಬಿಡ್ಬೇಕು, ಇಲ್ಲಾ ಇವರು ಬಿಡ್ಬೇಕು” ಎಂದುಬಿಟ್ಟರು. “ನಾನಂತೂ ಬಿಡಲ್ಲ” ಎಂದು ಅವಳು ಅಲ್ಲಿಯೇ ತೀರ್ಪು ಕೊಟ್ಟಳು. ಆದರೂ ಆರು ವರ್ಷಗಳಿಂದ ಅವಳು ಕೆಳಗಿನ ಕೋಣೆಯ ಕಡೆ ಕಾಲಿಟ್ಟಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಮೆಟ್ಟಿಲ ಕಂಬಿಗೆ ಸೌಟಿನಿಂದ ಎರಡು ಸಲ ಬಡಿಯುತ್ತಿದ್ದಳು, ನಾನು ಸುತ್ತಿಗೆಯಿಂದ ಒಂದು ಸಲ ಬಡಿದು ಬಂದೆ ಎನ್ನುತ್ತಿದ್ದೆ. ನಮ್ಮ ಸಂಸಾರ ಹೀಗೆ ಕಬ್ಬಿಣದ ಭಾಷೆಯಲ್ಲಿ ನಡೆಯುತ್ತಿತ್ತು.

ಇನ್ನೊಂದು ವಿಷಯವನ್ನೂ ತಮ್ಮ ಗಮನಕ್ಕೆ ತರಲೇಬೇಕು. ಮದುವೆಯಾದ ವಾರದಲ್ಲೇ ಅವಳಿಗೊಂದು ಊಟದ ಮೇಜು ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಊರಿನವರ ಮನೆಗೆಲ್ಲ ಮೇಜು ಮಾಡಿ ಹಾಕಿದ ನಾನು ನನ್ನ ಮನೆಯಲ್ಲಿ ಇಪ್ಪತ್ತಾರು ವರ್ಷ ಎರಡು ಸ್ಟೂಲಿನ ಮೇಲೆ ಅಡ್ಡ ಹಾಕಿದ ಹಲಗೆಯಲ್ಲೇ ಊಟ ಮಾಡಿದೆ. ಈ ವರ್ಷ, ಬಹಳ ದಿನದಿಂದ ಎತ್ತಿಟ್ಟಿದ್ದ ತಿಳಿ ಬಣ್ಣದ ಹಲಗೆಗಳನ್ನು ತೆಗೆದು ಮೇಜು ಮಾಡಿದೆ. ಅದಕ್ಕೆ ತಿನ್ನರ್ ಮುಟ್ಟಿಸಬಾರದು, ಅದು ಅವಳ ಮೇಜು ಎಂದುಕೊಂಡು, ಅಂಗಡಿಗೆ ಹೋಗಿ ತಮ್ಮ ಡಬ್ಬಿಯನ್ನೂ ಒಂದು ಸ್ಪ್ರೇ ಗನ್ನನ್ನೂ ತಂದೆ.

ಡಬ್ಬಿಯ ಮೇಲಿನ ಚಿತ್ರದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅಪ್ಪ, ಅಮ್ಮ, ಎರಡು ಮಕ್ಕಳು, ನಾಲ್ವರೂ ಬಿಳಿ ಬಟ್ಟೆಯಲ್ಲಿ. ಅಪ್ಪ ಒಂದೇ ಕೈಯಲ್ಲಿ ಗನ್ ಹಿಡಿದು, ಹೂಗಿಡಕ್ಕೆ ನೀರು ಹನಿಸುವವನಂತೆ, ಮರದ ಕಡೆ ನೋಡದೆ ನಮ್ಮ ಕಡೆ ನೋಡಿ ಹಲ್ಲು ಬಿಡುತ್ತಿದ್ದಾನೆ. ಮುಖಕ್ಕೆ ಮಾಸ್ಕಿಲ್ಲ, ನೆಲಕ್ಕೆ ಹಳೆಯ ಪೇಪರಿಲ್ಲ, ಮೈಮೇಲೆ ಒಂದು ಹನಿಯಿಲ್ಲ. ಈ ಮಹಾಪುರುಷನನ್ನು ಒಂದು ದಿನದ ಮಟ್ಟಿಗೆ ನನ್ನ ಕೋಣೆಗೆ ಕಳುಹಿಸಿಕೊಡುವಿರಾ? ಬಿಳಿ ಬಟ್ಟೆಯಲ್ಲೇ ಬರಲಿ.

ಇನ್ನು ತಮ್ಮ ಸಾಹಿತ್ಯ. ‘ಮೇಲ್ಮೈಯನ್ನು ಸೂಕ್ತವಾಗಿ ಸಿದ್ಧಪಡಿಸಿ. ಸೂಕ್ತ ಒತ್ತಡದಲ್ಲಿ, ಸೂಕ್ತ ದೂರದಿಂದ, ಸೂಕ್ತ ಹವಾಮಾನದಲ್ಲಿ ಸಿಂಪಡಿಸಿ. ಸೂಕ್ತ ಸಮಯದ ನಂತರ ಮುಂದಿನ ಕೋಟ್ ನೀಡಿ.’ ಒಂದೇ ಪದದಿಂದ ಇಡೀ ವಿದ್ಯೆಯನ್ನು ಹೇಳಿ ಮುಗಿಸಿದ ತಮ್ಮ ಪ್ರತಿಭೆಗೆ ಯಾವ ಬಿರುದು ಕೊಟ್ಟರೂ ಕಡಿಮೆಯೇ. ತಮ್ಮ ಮನೆಯ ಅಡುಗೆಯವರಿಗೂ ತಾವು ಹೀಗೆಯೇ ಹೇಳುತ್ತೀರೋ, ಅವರು ಸೂಕ್ತ ಸಾಮಗ್ರಿಯನ್ನು ಸೂಕ್ತವಾಗಿ ಬೇಯಿಸಿ ತಮ್ಮ ಮುಂದಿಟ್ಟಾಗ ತಾವು ಬಾಯಿ ಮುಚ್ಚಿಕೊಂಡು ತಿನ್ನುತ್ತೀರೋ, ತಿಳಿಯುವ ಕುತೂಹಲ ನನಗಿದೆ.

ಮೊದಲು ಒಂದು ಸ್ಟೂಲಿನ ಮೇಲೆ ಪ್ರಯೋಗ ಮಾಡಿದೆ. ಹತ್ತಿರದಿಂದ ಹೊಡೆದರೆ ಕಾಲುಗಳ ಮೇಲೆ ಕಣ್ಣೀರಿನಂತೆ ಇಳಿಯಿತು, ದೂರದಿಂದ ಹೊಡೆದರೆ ಕಿತ್ತಳೆ ಸಿಪ್ಪೆಯಂತೆ ಗುಳಿ ಗುಳಿಯಾಯಿತು. ಅದಕ್ಕಿಂತ ಮೊದಲು, ಹೊಡೆದ ಪಾಲಿಶು ಹಾಲಿನ ಹಾಗೆ ಬೆಳ್ಳಗಿರುವುದನ್ನು ಕಂಡು ಕೆಟ್ಟಿತೆಂದು ಗಾಬರಿಬಿದ್ದು ಬಟ್ಟೆಯಿಂದ ಒರೆಸಿಹಾಕಿದ್ದೆ. ಒಣಗಿದ ಮೇಲೆ ತಾನೇ ತಿಳಿಯಾಗುತ್ತದೆ ಎಂಬ ಒಂದು ಸಾಲನ್ನು ಬರೆಯಲು ತಮಗೆ ಜಾಗ ಸಿಕ್ಕಿರಲಿಲ್ಲ, ಮಕ್ಕಳ ಬಿಳಿ ಬಟ್ಟೆಗೆ ಸಿಕ್ಕಿತ್ತು. ಪಾಲಿಶು ಸೋಸಲು ಅಡುಗೆಮನೆಯ ಟೀ ಜರಡಿಯನ್ನು ಕದ್ದು ತಂದೆ, ಅದರ ವಿಚಾರಣೆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ನೀರು ತಾಗಿದ ಮರ ಚಳಿಗೆ ರೋಮ ನಿಂತಂತೆ ಒರಟಾಗುತ್ತದೆ, ಮೊದಲ ಕೋಟಿನ ಮೇಲೆ ಹಗುರವಾಗಿ ಉಜ್ಜಬೇಕು ಎನ್ನುವುದನ್ನೂ ನಾನೇ ಸ್ಟೂಲಿನ ಮೇಲೆ ಕೈಯಾಡಿಸಿ ಕಂಡುಕೊಂಡೆ. ಹದಿನೈದು ದಿನಗಳಲ್ಲಿ ಕೈ ಹದಕ್ಕೆ ಬಂತು. ಇದರಲ್ಲಿ ತಮ್ಮ ಪಾಲು ಏನೂ ಇಲ್ಲವೆಂದು ಸ್ಪಷ್ಟಪಡಿಸುತ್ತೇನೆ.

ಮೇಜಿನ ದಿನ ಬೆಳಿಗ್ಗೆ, ನಾನು ಕರೆಯದೆಯೇ, ಹೆಂಡತಿ ಹದಿನಾಲ್ಕು ಮೆಟ್ಟಿಲು ಇಳಿದು ಬಂದಳು. ಮಾಸ್ಕ್ ಹಾಕಿಕೊಂಡು ಹೊಸ್ತಿಲಾಚೆ ಸ್ಟೂಲ್ ಎಳೆದುಕೊಂಡು ಕೂತು, “ವಾಸನೆ ಏನೂ ಇಲ್ಲಾರೀ” ಎಂದಳು. ಆರು ವರ್ಷಗಳ ನಂತರ ಅವಳು ನನ್ನ ಕೆಲಸವನ್ನು ನೋಡುತ್ತಿದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ತಮ್ಮ ಕಂಪನಿಯ ಬಗ್ಗೆಯೂ ಒಳ್ಳೆಯ ಮಾತು ಬಾಯಿಗೆ ಬಂದಿತ್ತು. ಅವಳ ಮುಂದೆ ಕೈಚಳಕ ತೋರಿಸುವ ಹುಮ್ಮಸ್ಸಿನಲ್ಲಿ, ಮೊದಲ ಕೋಟ್ ಒಣಗಿದ ಕೂಡಲೇ ಸ್ಯಾಂಡ್ ಪೇಪರ್ ಬದಿಗಿಟ್ಟು, ಕೆಲಸ ಕಲಿಸಿದ ನನ್ನ ದೊಡ್ಡಪ್ಪ ಹೇಳಿಕೊಟ್ಟಂತೆ, ಕೂದಲಿಗಿಂತ ತೆಳುವಾದ ಕಬ್ಬಿಣದ ನಾರಿನಿಂದ ಮೇಜನ್ನು ತಿಕ್ಕಿದೆ. “ಕೋಟಿಗೊಂದ್ಸಲ ನಾರು ಆಡ್ಸು, ಮುಖ ಕಾಣೋವರ್ಗೂ ಬಿಡ್ಬೇಡ” ಎಂದು ದೊಡ್ಡಪ್ಪ ಹೇಳುತ್ತಿದ್ದರು, ಮೂವತ್ತೊಂದು ವರ್ಷ ನಾನು ಬಿಟ್ಟಿರಲಿಲ್ಲ. ಆಮೇಲೆ ಎರಡನೆಯ ಕೋಟ್, ಮತ್ತೆ ನಾರು, ಮೂರನೆಯ ಕೋಟ್. ಸಂಜೆಗೆ ಮೇಜು ನಿಂತ ನೀರಿನಂತಿತ್ತು.

ಮಾರನೆಯ ದಿನ ಅದರ ಮೈತುಂಬ ಕಂದು ಚುಕ್ಕೆಗಳೆದ್ದಿದ್ದವು, ಪಾಲಿಶಿನ ಮೇಲಲ್ಲ, ಒಳಗೆ. ಒರೆಸಿದರೆ ಹೋಗುವಂಥವಲ್ಲ.

ತಮ್ಮ ಸಹಾಯವಾಣಿಯ ಸೇವೆಯನ್ನು ಹೊಗಳಲು ನನ್ನ ಬಳಿ ಪದಗಳಿಲ್ಲ. ಕರೆ ಎತ್ತಿದ ಹುಡುಗಿ ಬಹಳ ನಯವಾಗಿ, “ಸರ್, ಮೇಲ್ಮೈನ ಸೂಕ್ತವಾಗಿ ಸಿದ್ಧಪಡಿಸಿದ್ರಾ?” ಎಂದು ಕೇಳಿದಳು. ಸೂಕ್ತವೆಂದರೆ ಹೇಗಮ್ಮ ಎಂದೆ. “ಡಬ್ಬಿ ಮೇಲೆ ಬರೆದಿದೆ ಸರ್” ಎಂದಳು. ತಮ್ಮ ತಾಂತ್ರಿಕ ಸಲಹೆಗಾರರು ಸೋಮವಾರ ಹವೆಯನ್ನು ದೂರಿದರು, ಗುರುವಾರ ನಮ್ಮ ನಲ್ಲಿಯ ನೀರನ್ನು ದೂರಿದರು, ಮರುವಾರ ಮರದ ಗುಣವೇ ಸರಿಯಿಲ್ಲ ಎಂದರು. ಮೇಜಿನ ಫೋಟೋ ಕಳಿಸಿದರೆ, “ಫೋನಿನ ಕ್ಯಾಮೆರಾ ಮೇಲೆ ಧೂಳು ಕೂತಿದೆ, ಒರೆಸಿ ಮತ್ತೆ ಕಳ್ಸಿ” ಎಂದು ಉತ್ತರ ಬರೆದರು. ಹೀಗೆ ಹನ್ನೊಂದು ದಿನ ಕಳೆಯಿತು.

ಹನ್ನೆರಡನೆಯ ದಿನ ನನ್ನ ಹೆಂಡತಿ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಾ ಇಳಿದು ಬಂದಳು. ಒಂದು ಚುಕ್ಕೆಯ ಮೇಲೆ ಬಗ್ಗಿ ನೋಡಿದಳು. “ಇದು ತುಕ್ಕು ಕಣ್ರೀ. ಪಾತ್ರೆ ಉಜ್ಜೋ ನಾರನ್ನ ಒದ್ದೆ ಸಿಂಕಲ್ಲಿ ಬಿಟ್ರೆ ಬೆಳಿಗ್ಗೆ ಹೀಗೇ ಕಲೆ ಕೂತಿರುತ್ತೆ. ನಿಮ್ಮ ನಾರಿನ ಚೂರು ಒಳಗೆ ಉಳ್ಕೊಂಡಿದೆ, ಮೇಲೆ ನೀವು ನೀರು ಹೊಡ್ದಿದ್ದೀರ” ಎಂದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಹಳೆಯ ಪಾಲಿಶಿನಲ್ಲಿ ನೀರಿಲ್ಲದ ಕಾರಣ ದೊಡ್ಡಪ್ಪನ ನಾರು ಎಂದೂ ತುಕ್ಕು ಹಿಡಿದಿರಲಿಲ್ಲ. ನೀರಿನ ಪಾಲಿಶಿಗೆ ಅದೇ ನಾರನ್ನು ಹಚ್ಚಿದ ತಪ್ಪು ನನ್ನದೇ, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ಕಟ್ಟುವುದಿಲ್ಲ ಎಂದು ಆ ದಿನ ಮಧ್ಯಾಹ್ನದವರೆಗೂ ಅಂದುಕೊಂಡಿದ್ದೆ. ಖಾಲಿ ಡಬ್ಬಿಯನ್ನು ಮೊಳೆ ಹಾಕಿಡಲು ತೊಳೆಯುತ್ತಿದ್ದಾಗ, ‘ಹೊಸದು! ಇನ್ನಷ್ಟು ಸುಧಾರಿತ!’ ಎಂಬ ತಮ್ಮ ಚಿನ್ನದ ಬಣ್ಣದ ಸ್ಟಿಕರಿನ ಒಂದು ಮೂಲೆ ಎದ್ದಿತು. ಬಿಸಿನೀರಲ್ಲಿ ನೆನೆಸಿ, ಉಳಿಯಿಂದ ಕೆರೆದು ತೆಗೆದೆ. ಅದರ ಅಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಲ್ಲಿ, ಡಬ್ಬಿಯ ಮೇಲಿದ್ದ ಏಕೈಕ ಉಪಯುಕ್ತ ವಾಕ್ಯವಿತ್ತು: ‘ಕೋಟ್‌ಗಳ ನಡುವೆ ಕಬ್ಬಿಣದ ನಾರನ್ನು ಬಳಸಬೇಡಿ.’ ತಾವು ಬರೆದಿದ್ದಿರಿ, ಮಾನ್ಯರೇ. ಬರೆದು, ಅದರ ಮೇಲೆ ತಮ್ಮ ಹೊಗಳಿಕೆಯನ್ನು ತಾವೇ ಅಂಟಿಸಿದ್ದಿರಿ.

ನನಗೆ ಬಂದ ಸಿಟ್ಟಿಗೆ ಮಿತಿಯಿರಲಿಲ್ಲ. ಮೂಲೆಯಲ್ಲಿದ್ದ ಹಳೆಯ ತಿನ್ನರ್ ಡಬ್ಬಿಯನ್ನು ಎಳೆದು, ಮೇಜನ್ನು ಕೆರೆದು ಹಳೆಯ ಪಾಲಿಶನ್ನೇ ಹಾಕುತ್ತೇನೆ, ಈ ನೀರಿನ ಸಹವಾಸ ಸಾಕು ಎಂದು ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕಿದೆ. ಹೊಸ್ತಿಲಾಚೆ ಕೂತಿದ್ದ ಹೆಂಡತಿ ತಡೆಯಲಿಲ್ಲ, ಕೂಗಲಿಲ್ಲ. ಎದ್ದು ತನ್ನ ಸ್ಟೂಲನ್ನು ಕೈಗೆತ್ತಿಕೊಂಡು, “ಅದನ್ನ ತೆಗೆಯೋದಾದ್ರೆ ಹೇಳಿ, ನಾನು ಮೇಲೆ ಹೋಗ್ತೀನಿ” ಎಂದಳು, ಅಷ್ಟೇ. ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ಅವಳು ಸ್ಟೂಲ್ ಕೆಳಗಿಟ್ಟಳು. ಆ ಸಂಜೆ ನಾನು ಮೇಜನ್ನು ಬರಿ ಮರದವರೆಗೂ ಸ್ಯಾಂಡ್ ಪೇಪರಿನಿಂದ ಉಜ್ಜಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟು: ತಮ್ಮ ತಾಂತ್ರಿಕ ಸಲಹೆಗಾರರ ಕುರ್ಚಿಯನ್ನು ಯಾವುದಾದರೂ ಅಡುಗೆಮನೆಯ ಸಿಂಕಿನ ಪಕ್ಕಕ್ಕೆ ವರ್ಗಾಯಿಸಿ, ಅವರು ಅಲ್ಲಿ ಸೂಕ್ತ ಸಮಯದವರೆಗೆ ಪಾತ್ರೆ ತೊಳೆಯುವಂತೆ ಆದೇಶಿಸಬೇಕು. ‘ಸೂಕ್ತ’ ಎಂಬ ಪದವನ್ನು ಮುಂದಿನ ನೂರು ವರ್ಷ ಬಳಸುವುದಿಲ್ಲವೆಂದು ತಾವು ಮುಚ್ಚಳಿಕೆ ಬರೆದುಕೊಡಬೇಕು. ಮತ್ತು ಹೇಳಲು ನಾಲಿಗೆ ಏಳುತ್ತಿಲ್ಲವಾದರೂ, ತಮ್ಮ ಪಾಲಿಶಿನ ಇನ್ನೆರಡು ಡಬ್ಬಿಗಳನ್ನು ನಮ್ಮೂರಿನ ಅಂಗಡಿಗೆ ಬೇಗ ಕಳುಹಿಸಬೇಕು. ಕಂಬಿಗೆ ಬಡಿಯುತ್ತಿದ್ದ ಸೌಟು ಈಗ ಪಾತ್ರೆಯಲ್ಲೇ ಇರುತ್ತದೆ, ಊಟಕ್ಕೆ ಅವಳೇ ಇಳಿದು ಬಂದು ಕರೆಯುತ್ತಾಳೆ, ಅದಕ್ಕೆ ಬೇರೆ ಯಾವ ಪಾಲಿಶೂ ನನಗೆ ಗೊತ್ತಿಲ್ಲ.

ತಮ್ಮ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲದಿದ್ದರೂ, ಅವಳ ಉಸಿರಿನ ದೆಸೆಯಿಂದ ಸಾಯುವವರೆಗೂ

ತಮ್ಮ ವಿಶ್ವಾಸಿ,
ಹದಿನಾಲ್ಕು ಮೆಟ್ಟಿಲ ಕೆಳಗಿನ ಬಡಗಿ

ಮರೆತ ಮಾತು: ತಮ್ಮ ಸ್ಟಿಕರನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಅದನ್ನು ಕೀಳಲು ಬಿಸಿನೀರು, ಉಳಿ ಮತ್ತು ಅರ್ಧ ಗಂಟೆ ಬೇಕಾಯಿತು. ಸ್ಟೂಲಿಗೆ ಹೊಡೆದ ತಮ್ಮ ಪಾಲಿಶಿನ ಮೊದಲ ಕೋಟ್ ಬರಿ ಬಟ್ಟೆಗೇ ಎದ್ದುಬಂದಿತ್ತು. ಇನ್ನು ಮುಂದೆ ಆ ಅಂಟನ್ನು ಡಬ್ಬಿಯೊಳಗೆ ತುಂಬಿ, ಪಾಲಿಶನ್ನು ಸ್ಟಿಕರಿನ ಹಿಂದೆ ಬಳಿಯಿರಿ. ಮೇಜೂ ಉಳಿಯುತ್ತದೆ, ಸೂಚನೆಯೂ ಕಾಣುತ್ತದೆ.