ಜೀಪು ರಕ್ತ ಕಾರಿದ್ದು

ಊರೂರು ತಿರುಗುವ ಕೆಲಸದಲ್ಲಿ ವಾರಕ್ಕೊಂದಾದರೂ ದೆವ್ವದ ಸುದ್ದಿ ಕಿವಿಗೆ ಬೀಳುತ್ತದೆ. ಸಾಮಾನ್ಯವಾಗಿ ಅವು ಹುಣಸೆಮರದಲ್ಲೋ ಪಾಳು ಬಾವಿಯಲ್ಲೋ ಇರುತ್ತವೆ. ನನ್ನ ಪಾಲಿನದು ರೇಡಿಯೇಟರ್ ಮುಚ್ಚಳದಲ್ಲಿತ್ತು.

ಪೆಟ್ರೋಲು ಏಕಾಏಕಿ ತುಟ್ಟಿಯಾದ ಕಾಲ. ಬಿ.ಎಸ್ಸಿ. ಮುಗಿಸಿ ಮಂಡ್ಯದಲ್ಲಿ ಮಣ್ಣು ಪರೀಕ್ಷೆಯ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ್ದೆ. ತಿರುಗಾಟಕ್ಕೆ ಹಳೆಯ ಜೀಪು, ದಿನಗೂಲಿಯ ಡ್ರೈವರ್. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಆ ತಿಂಗಳು ಜೀಪು ಮೂರು ಸಲ ಎಂಜಿನ್ ಕಾದು ದಾರಿಯಲ್ಲಿ ನಿಂತಿತ್ತು. "ಇನ್ನೊಂದು ಸಲ ನಿಂತರೆ ನಿನ್ನ ಜಾಗಕ್ಕೆ ಬೇರೆಯವನು ಬರ್ತಾನೆ," ಎಂದು ಸಾಹೇಬರು ಅವರಿಗೆ ಹೇಳಿಬಿಟ್ಟಿದ್ದರು.

೧. ಮಳವಳ್ಳಿ ರಸ್ತೆ

ಮುಸ್ಸಂಜೆ. ಎರಡೂ ಕಡೆ ಆಳೆತ್ತರದ ಕಬ್ಬು. ಗಾಳಿ ಇರಲಿಲ್ಲ, ಆದರೂ ಗರಿಗಳು ಸರಸರ ಎನ್ನುತ್ತಿದ್ದವು. ಡ್ರೈವರ್ ಜೀಪನ್ನು ಪಕ್ಕಕ್ಕೆ ಹಾಕಿದರು.

"ನಿಂತದ್ದಲ್ಲ ಸಾ, ನಾನೇ ನಿಲ್ಸಿದ್ದು. ಸಾಹೇಬ್ರಿಗೆ ಹಂಗೇ ಹೇಳಿ."

ಎಂಜಿನ್ ಆರಿತ್ತು. ಬಾನೆಟ್ಟಿನೊಳಗೆ ಮಾತ್ರ ಯಾರೋ ಬುಸ್ಸೆಂದು ಉಸಿರು ಬಿಡುತ್ತಿದ್ದರು. ಎತ್ತಿ ನೋಡಿದೆವು. ಡ್ರೈವರ್ ದಿನಾ ಬೆಳಿಗ್ಗೆ ರೇಡಿಯೇಟರ್ ಮುಚ್ಚಳಕ್ಕೆ ಅರಿಸಿನ ಬಳಿದು ಕೈಮುಗಿದೇ ಸ್ಟಾರ್ಟ್ ಮಾಡುತ್ತಿದ್ದದ್ದು. ಆ ಅರಿಸಿನ ಈಗ ಹಳದಿಯಾಗಿರಲಿಲ್ಲ. ಮುಚ್ಚಳದ ಸುತ್ತ ರಕ್ತದಂಥ ಕೆಂಪು, ಅಂಚಿನಲ್ಲಿ ಕೆಳಕ್ಕೆ ಇಳಿದಿತ್ತು. ಬಿಸಿ ಆರಿದ ಮೇಲೆ ಡ್ರೈವರ್ ಮುಚ್ಚಳ ತೆಗೆದರೆ ಒಳಗಿನ ನೀರು ಅರ್ಧ ಮಾಯ. ನೆಲದ ಮೇಲೆ ಒಂದು ಹನಿಯೂ ಇಲ್ಲ.

"ನೀರ್ ಕುಡೀತದೆ, ರಕ್ತ ಕಾರ್ತದೆ," ಎಂದರು ಡ್ರೈವರ್.

ನಾನು ನೋಟುಬುಕ್ಕು ತೆಗೆದು ಬರೆದುಕೊಂಡೆ: ಕೆಂಪು ಕಲೆ, ಕಾರಣ ತಿಳಿಯದು.

"ನನ್ನ ಹೆಸ್ರು ಬರೀಬ್ಯಾಡಿ ಸಾ. ಆ ದೆವ್ವಕ್ಕೆ ಓದಕ್ಕೆ ಬಂದ್ರೆ ಏನ್ ಗತಿ?"

೨. ಮದ್ದೂರಿನ ಮೆಕ್ಯಾನಿಕ್

ಮರುದಿನ ಮದ್ದೂರಿನ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಬೀಡಿ ಸೇದುತ್ತ, "ರೇಡಿಯೇಟರ್ ಅಂದ್ರೆ ನಂಗೆ ನೀರು ಕುಡ್ದಂಗೆ," ಎಂದು ಬಾನೆಟ್ ಎತ್ತಿದ. ಬೀಡಿ ಬಾಯಲ್ಲೇ ಆರಿತು. ಒಂದು ಹೆಜ್ಜೆ ಹಿಂದೆ ಸರಿದು ಚಪ್ಪಲಿ ಬಿಟ್ಟ.

"ಯಾವಾಗಿಂದ ಇಂಗೆ ಕಣಣ್ಣಾ?"

"ಒಂದ್ ತಿಂಗ್ಳಾಯ್ತು."

"ಯಾರಾರ ಗಾಡಿಗೆ ಸಿಕ್ಕಿ ಸತ್ತಿದ್ರಾ?"

"ಒಂದ್ ಕೋಳಿ. ಅದೂ ಯಲಿಯೂರ್ ತಾವ, ನಾಕ್ ವರ್ಸದ್ ಹಿಂದೆ."

ಮೆಕ್ಯಾನಿಕ್ ಬಹಳ ಹೊತ್ತು ಯೋಚಿಸಿದ. ಕೋಳಿಯ ಬಗ್ಗೆಯೇ ಇರಬೇಕು. "ನೀನು ಮೆಕ್ಯಾನಿಕ್ಕು, ಮುಚ್ಚಳ ತೆಗೆದು ನೋಡಲೇಬೇಕಲ್ಲ," ಎಂದೆ.

"ತಗೀತೀನಿ ಸಾ. ನಂಗೇನ್ ಎದ್ರಿಕೆ? ಒಳಗಿಂದ ಬರೋದ್ನ ನೀವ್ ಇಡ್ಕೊಳಿ, ಅಷ್ಟೇಯ."

೩. ಕೊಕ್ಕರೆ ಬೆಳ್ಳೂರು

ಮೆಕ್ಯಾನಿಕ್ ಮುಚ್ಚಳ ಮುಟ್ಟಲಿಲ್ಲ; ಮಣ್ಣು ತರಲು ಹಾಗೆಯೇ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಅಲ್ಲಿ ಮರದ ತುಂಬ ಹಕ್ಕಿಗಳು. ಕೊಕ್ಕಿಗೆ ಕೊಕ್ಕು ಬಡಿದು ಟಕಟಕ ಎನ್ನುತ್ತವೆ. ಮರಿಗಳು ಎಳೆಮಕ್ಕಳಂತೆ ನರಳುತ್ತವೆ. ಆ ಸದ್ದಿನ ಕೆಳಗೆ ಬಾನೆಟ್ ಎತ್ತಿದಾಗ ನನಗೂ ಕತ್ತಿನ ಹಿಂದೆ ತಣ್ಣಗಾಯಿತು. ಕೆಂಪಿನ ಸುತ್ತ ಈಗ ಬಿಳಿಯ ಪುಡಿ ಗಟ್ಟಿಕಟ್ಟಿತ್ತು.

"ಇದು ಹಕ್ಕಿ ಪಿಕ್ಕೆ," ಎಂದರು ಡ್ರೈವರ್.

ಎದುರಿನ ಜಗಲಿಯ ಅಜ್ಜಿ ಎದ್ದೇ ಬಂದರು. "ನಮ್ಮಕ್ಕಿ ಮ್ಯಾಲೆ ಯಾಕಪ್ಪಾ ಏಳ್ತೀಯೆ? ಬಾಣಂತನಕ್ಕೆ ತವರಿಗೆ ಬಂದವೆ, ನಿನ್ ಗಾಡಿ ಒಳಿಕ್ಕೆ ಯಾಕ್ ನುಗ್ಗಾವು?" ಮುಚ್ಚಳ ನೋಡಿದರು. ಮೂಗಿನ ಮೇಲೆ ಬೆರಳಿಟ್ಟರು. "ಅರಿಸ್ನಕ್ಕೆ ಸುಣ್ಣ ಬಿದ್ದದೆ. ಆರತಿ ನೀರು ಕಂಡಿಲ್ವಾ ನೀವು?"

ನಾನು ಪರೀಕ್ಷೆ ಪೆಟ್ಟಿಗೆಯಿಂದ ಒಂದು ತೊಟ್ಟು ಆಸಿಡ್ ಹಾಕಿದೆ. ಬಿಳಿಯ ಪುಡಿ ಬುರುಬುರು ನೊರೆಯಾಯಿತು, ಕೆಂಪು ಮತ್ತೆ ಹಳದಿಯಾಯಿತು. ಮುಚ್ಚಳ ಪೂರ್ತಿ ತಣ್ಣಗಾದ ಮೇಲೆ ತೆಗೆದು ಮಗುಚಿ ನೋಡಿದರೆ ರಬ್ಬರ್ ವಾಷರ್ ಹರಿದಿತ್ತು. ನಾವು ತುಂಬಿಸುತ್ತಿದ್ದದ್ದು ಊರೂರಿನ ಸವುಳು ನೀರು. ಜೀಪು ಓಡುವಾಗ ಅದು ಕುದಿದು, ಹರಿದ ಜಾಗದಿಂದ ಮೇಲೆ ಬಂದು, ಅಲ್ಲೇ ಆವಿಯಾಗುತ್ತಿತ್ತು. ಉಳಿದ ಸುಣ್ಣದಂಥ ಕ್ಷಾರ ಅರಿಸಿನವನ್ನು ಕೆಂಪು ಮಾಡುತ್ತಿತ್ತು.

"ಏನ್ ಓದೀಯೆ ಮಗಾ?" ಎಂದು ಅಜ್ಜಿ ಕೇಳಿದರು.

"ಕೆಮಿಸ್ಟ್ರಿ."

"ಅದೇನೋ ಕಾಣೆ. ಆರತಿ ತಟ್ಟೆ ಇಡಿಯೋಕೆ ನಿಂಗೊಂದು ಎಣ್ಣು ನೋಡ್ಬೇಕು."

೪. ಪ್ರಯೋಗ ನಂ. ೨

ಹೊಸ ವಾಷರ್ ತಂದೆ. ಆದರೆ ಹಾಕುವ ಮೊದಲು ಸಾಹೇಬರಿಗೆ ಲಿಖಿತವಾಗಿ ತೋರಿಸಬೇಕು, ತಪ್ಪು ಡ್ರೈವರದಲ್ಲ ಎಂದು. ಯಾರಾದರೂ ದೆವ್ವದ ಮಾತೆತ್ತಿದರೆ ಸಾಹೇಬರು, "ಈ ಕಾಲದಲ್ಲೂ?" ಎಂದು ನಗುವವರು. ಅವರಿಗೆ ಪುರಾವೆ ಬೇಕು.

ಪುರಾವೆಗೆ ಹೋಲಿಕೆ ಬೇಕು. ಸಾಹೇಬರ ಕಾರಿಗೆ ಹಾಕುತ್ತಿದ್ದದ್ದು ಸಿಹಿನೀರು, ವಾಷರೂ ಸರಿಯಿತ್ತು. ಅಲ್ಲಿ ಅರಿಸಿನ ಹಳದಿಯಾಗಿಯೇ ಉಳಿಯಬೇಕು. ಕಾರು ರಾತ್ರಿ ಕಚೇರಿಯಲ್ಲೇ ನಿಲ್ಲುತ್ತಿತ್ತು; ಬೆಳಿಗ್ಗೆ ಅವರು ಬರುವ ಮೊದಲೇ ಎರಡೂ ಗಾಡಿಯ ಮುಚ್ಚಳಕ್ಕೆ ಅರಿಸಿನ ಬಳಿದೆ. ಎರಡಕ್ಕೂ ದಾರದಲ್ಲಿ ಚೀಟಿ ಕಟ್ಟಿದೆ. ಅವರದರ ಮೇಲೆ ಬರೆದದ್ದು: ನಂ. ೨. ಸಂಜೆಯವರೆಗೆ ಮುಟ್ಟಬಾರದು.

ಸಂಜೆ ಜೀಪಿನದು ಕೆಂಪಾಗಿತ್ತು. ಸಾಹೇಬರ ಕಾರು ಬರಲಿಲ್ಲ. ಸಾಹೇಬರು ಬಂದರು, ಬಸ್ಸಿನಲ್ಲಿ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಡ್ರೈವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಕೆಲಸ ಹೋಯಿತೆಂದುಕೊಂಡು ನಾನು ಬಾಗಿಲಿಗೆ ಕಿವಿಯಿಟ್ಟೆ.

"ಮದ್ದೂರಲ್ಲಿ ನೀರು ನೋಡೋಣ ಅಂತ ಬಾನೆಟ್ ಎತ್ತಿದೆ ಕಣಪ್ಪ. ಯಾರೋ ಮಾಟ ಮಾಡಿಸಿದ್ದಾರೆ. ಅರಿಸಿನ, ದಾರ, ಏನೋ ಬರೆದ ಚೀಟಿ."

"ಏನ್ ಬರ್ದಿತ್ತು ಸಾ?"

"ಅದನ್ನ ಓದ್ತಾರೇನಯ್ಯಾ?" ಸಾಹೇಬರ ದನಿ ಇಳಿಯಿತು. "ನಿಂಗೆ ಇವೆಲ್ಲ ಅಭ್ಯಾಸ. ನಾಳೆಯಿಂದ ನನ್ನ ಕಾರೂ ನೀನೇ ನೋಡ್ಕೊ. ನಿನ್ನ ಜಾಗಕ್ಕೆ ಬೇರೆಯವನ ಮಾತೇ ಇಲ್ಲ."

ಡ್ರೈವರ್ ಹೊರಗೆ ಬಂದರು. ನಾನು ವರದಿ ಹಿಡಿದು ಒಳಗೆ ಹೊರಟಿದ್ದೆ. ಅವರು ನನ್ನ ಕೈ ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದರು:

"ವಾಷರ್ ಹಾಕಿಬುಡಿ ಸಾ, ಒಳ್ಳೇದು. ಆ ಕಾಗ್ದ ಮಾತ್ರ ಜೇಬಲ್ಲೇ ಇರ್ಲಿ. ಕೆಲ್ಸ ಉಳ್ಸವ್ನೆ, ಪಾಪ, ಆ ದೆವ್ವನ್ನ ಓಡಿಸ್ಬ್ಯಾಡಿ."