ಸುಂದ್ರಿಯ ತುರಿಕೆ, ನನ್ನ ಆನ್‌ಲೈನ್ ಸಾಲಿ

ಎಮ್ಮೆಯ ತೊಗಲಿನಲ್ಲೂ ಹಕ್ಕಿಯ ಪುಕ್ಕದಲ್ಲೂ ಮನುಷ್ಯನ ಉಸಿರಿನಲ್ಲೂ ಒಂದೇ ಸಮನಾಗಿ ಕೂತು, ನಮ್ಮ ಪಜೀತಿಗಳನ್ನೆಲ್ಲ ನೋಡಿ ಒಳಗೊಳಗೇ ನಗುವ ಶಿವನಿಗೆ ಮೊದಲು ಶರಣು ಅನ್ನುತ್ತೇನೆ. ಅವನು ನಗದಿದ್ದರೆ ನನ್ನ ಬಾಳಿನಲ್ಲಿ ಇಂಥವು ಮೇಲಿಂದ ಮೇಲೆ ನಡೆಯುತ್ತಿರಲಿಲ್ಲ.

ನಾನು ಹುಟ್ಟಿದ್ದು ಬಸವನ ಬಾಗೇವಾಡಿ, ದವಾಖಾನೆ ಇಟ್ಟಿದ್ದು ಸಿಂದಗಿಯಲ್ಲಿ. ದನದ ಡಾಕ್ಟರ್ ಅಂದರೇನೇ ಜನಕ್ಕೆ ನನ್ನ ಗುರುತು. ಆಲಮೇಲದ ಕಡೆಯಿಂದ ಎಮ್ಮೆ ಈಯಲಿಲ್ಲ ಎಂದು ಫೋನ್ ಬಂದರೆ ಕಣ್ಣು ಮುಚ್ಚಿಕೊಂಡು ಹೋಗಿ ಕರು ತೆಗೆದು ಬರುತ್ತೇನೆ. ಆದರೆ ಈಚೆಗೆ ಸಿಂದಗಿಯಲ್ಲೂ ಮನೆಮನೆಗೆ ಲ್ಯಾಬ್ರಡಾರ್ ನಾಯಿ ಬಂದವು. ನಾಯಿಯ ಹೊಟ್ಟೆ ಕೆಟ್ಟರೆ ಹೇಗೋ ನಿಭಾಯಿಸುತ್ತಿದ್ದೆ. ತೊಗಲು ಕೆಟ್ಟರೆ ಮಾತ್ರ ದೇವರ ಮೇಲೆ ಭಾರ.

ನಮ್ಮ ಓಣಿಯಲ್ಲಿ ಒಬ್ಬ ಅಕ್ಕೋರು ಇದ್ದಾರೆ. ಸಾಲಿಯಲ್ಲಿ ಕಲಿಸಿ ಕಲಿಸಿ ಈಗ ನಿವೃತ್ತರು. ಅವರ ನಾಯಿಯ ಹೆಸರು ಸುಂದ್ರಿ. ಹೆಸರಿಡುವಾಗ ಮೈತುಂಬ ಕೂದಲಿತ್ತಂತೆ. ನಾನು ನೋಡಿದಾಗ ಹೊಟ್ಟೆ, ಬಗಲು ಎಲ್ಲ ಬೋಳು. ಹಗಲೆಲ್ಲ ತುರಿಸಿಕೊಳ್ಳುವುದೇ ಅವಳ ಉದ್ಯೋಗ. ಸೂಕ್ಷ್ಮದರ್ಶಕದಲ್ಲಿ ನೋಡಿದೆ, ಹುಳ ಇರಲಿಲ್ಲ. ಅಷ್ಟು ಬಿಟ್ಟರೆ ನನಗೆ ಏನೂ ತಿಳಿಯಲಿಲ್ಲ.

ಅಕ್ಕೋರ ಯಜಮಾನರದು ಕಾಳಿನ ಅಡತಿ ಅಂಗಡಿ. ಅವರು ಒಂದು ದಿನ ನೇರವಾಗಿ ಹೇಳಿಬಿಟ್ಟರು: "ಡಾಕ್ಟರ, ಇದು ಮಂದಿಗೆ ಅಂಟೂ ರೋಗ ಅಂತ ಅಂಗಡಿಗೆ ಬರೂ ಗಿರಾಕಿ ಹೊರಗ ನಿಂತು ಮಾತಾಡ್ತಾರ. ಅಂಟೂದಿಲ್ಲ ಅಂತ ತಿಳದವರು ಯಾರರ ಖಾತ್ರಿ ಕೊಡ್ರಿ. ಇಲ್ಲಂದ್ರ ಹೊರ್ತಿ ಊರಾಗಿನ ನಮ್ಮ ಹೊಲದ ಮನಿಗೆ ಬಿಟ್ಟು ಬರ್ತೇನಿ."

ಅಕ್ಕೋರು ಸುಂದ್ರಿಯ ಕಿವಿ ಸವರುತ್ತ ಕೂತರು. ಅದನ್ನು ನೋಡಿ ನಾನು, ಶಿವನೇ ನೀನೇ ಗತಿ ಎಂದು, ನಾಯಿ ಬೆಕ್ಕುಗಳ ಚರ್ಮರೋಗದ ಆನ್‌ಲೈನ್ ತರಬೇತಿಗೆ ಹೆಸರು ಹಚ್ಚಿದೆ. ಕಲಿಸುವವರು ಪರದೇಶದ ಒಬ್ಬ ಮೇಡಂ. ಕೊನೆಗೆ ಒಂದು ನಾಯಿಯನ್ನು ಅವರಿಗೆ ವಿಡಿಯೋದಲ್ಲಿ ತೋರಿಸಿ ಪಾಸಾಗಬೇಕು. ನನ್ನ ಪರೀಕ್ಷೆಯೂ ಸುಂದ್ರಿಯೇ, ಸುಂದ್ರಿಯ ಪರೀಕ್ಷೆಯೂ ನಾನೇ.

ನಾಲ್ಕನೇ ಖೋಲಿ

ನನ್ನ ಜೊತೆ ಮುದ್ದೇಬಿಹಾಳದ ಒಬ್ಬ ದನದ ಡಾಕ್ಟರ್ ಗೆಳೆಯರೂ ಸೇರಿದ್ದರು. ಮೊದಲ ಪಾಠದಲ್ಲೇ ಮೇಡಂ, "ಈಗ ನಿಮ್ಮನ್ನೆಲ್ಲ ಬೇರೆ ಬೇರೆ ರೂಮುಗಳಿಗೆ ಕಳಿಸುತ್ತೇನೆ, ಅಲ್ಲಿ ಚರ್ಚೆ ಮಾಡಿ" ಅಂದರು. ನಾವಿಬ್ಬರೂ ನಾಲ್ಕನೇ ರೂಮಿಗೆ. ನಾನು ಪರದೆಯ ಮೇಲೆ ಬಂದ ಗುಂಡಿ ಒತ್ತಿ ಒಳಗೆ ಹೋಗಿ ಕೂತೆ. ಗೆಳೆಯರ ಸುಳಿವಿಲ್ಲ. ಸ್ವಲ್ಪ ಹೊತ್ತಿಗೆ ಅವರದೇ ಫೋನ್ ಬಂತು. ಹಿಂದೆ ಎಮ್ಮೆ ಒದರುವ ಸಪ್ಪಳ.

"ಎಲ್ಲದೀರಿ ಡಾಕ್ಟರ?"

"ನಾಲ್ಕನೇ ರೂಮಿನ್ಯಾಗ. ನೀವೆಲ್ಲದೀರಿ?"

"ನಾನೂ ಅಲ್ಲೇ ಬಂದೇನ್ರಿ. ನಮ್ಮ ಮನ್ಯಾಗ ಇರೂವ ಮೂರು ಖೋಲಿ. ನಾಲ್ಕನೇದು ಅಂದ್ರ ದನದ ಕೊಟಗಿ. ಮೊಬೈಲ್ ಹಿಡ್ಕೊಂಡು ಬಂದು ನಿಂತು ಎಷ್ಟೊತ್ತಾತು, ಇಲ್ಲಿ ಎಮ್ಮಿ ಬಿಟ್ರ ಚರ್ಚಾ ಮಾಡವ್ರು ಯಾರೂ ಇಲ್ಲ."

ಹತ್ತಕ್ಕೆ ಎಷ್ಟು?

ತುರಿಕೆಯನ್ನು ಅಳೆಯಬೇಕು ಎಂದರು ಮೇಡಂ. ತುರಿಕೆಯೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಷ್ಟು ಇದ್ದರೆ ಹತ್ತು. ವಾರಕ್ಕೊಮ್ಮೆ ಮನೆಯವರನ್ನು ಕೇಳಿ ಬರೆದಿಡಬೇಕು. ಎಷ್ಟು ಸರಳ ವಿದ್ಯೆ ಎಂದು ಖುಷಿಯಾಗಿ, ತುರಿಕೆಯ ಗುಳಿಗೆ ಬರೆದುಕೊಟ್ಟು ಅಕ್ಕೋರಿಗೆ ಫೋನ್ ಮಾಡಿದೆ.

"ಅಕ್ಕೋರ, ಸುಂದ್ರಿ ತುರಿಕಿಗೆ ಹತ್ತಕ್ಕ ಎಷ್ಟು ಕೊಡ್ತೀರಿ?"

"ಮೂರು ಕೊಡ್ರಿ."

ಪರವಾಗಿಲ್ಲ, ಕಡಿಮೆಯೇ ಇದೆ ಅನ್ನಿಸಿತು. ಮುಂದಿನ ವಾರ ಕೇಳಿದೆ. "ಐದು." ನನಗೆ ಗಾಬರಿ. ಅದರ ಮುಂದಿನ ವಾರ, "ಎಂಟ ಹಾಕ್ರಿ ಡಾಕ್ಟರ, ಎಂಟು!" ದನಿಯಲ್ಲಿ ಏನೋ ಉತ್ಸಾಹ ಬೇರೆ. ಮೇಡಂಗೆ ಹೇಳಿದರೆ ಅವರೂ ಚಿಂತೆಗೆ ಬಿದ್ದರು. ಗುಳಿಗೆಯಿಂದ ತುರಿಕೆ ಏರುವುದನ್ನು ಅವರೂ ಕೇಳಿರಲಿಲ್ಲ, "ಕೂಡಲೇ ಹೋಗಿ ನೋಡಿ" ಅಂದರು. ದಾರಿಯುದ್ದಕ್ಕೂ ಶಿವನಾಮ ಹೇಳುತ್ತ ಸ್ಕೂಟರ್ ಓಡಿಸಿದೆ.

ಹೋಗಿ ನೋಡಿದರೆ ಸುಂದ್ರಿ ನಾಲ್ಕೂ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಾಳೆ.

"ಅಲ್ರಿ ಅಕ್ಕೋರ, ಎಂಟು ಅಂದ್ರಲ್ರಿ?"

"ಹೌದ್ರಿ ಮತ್ತ! ಎಷ್ಟು ಸುಧಾರಿಸ್ಯಾಳ ನೋಡ್ರಿ. ಮದಲ ಮೂರಕ್ಕ ಫೇಲ್ ಇದ್ಲು."

ಅವರು ಬಾಳೆಲ್ಲ ಮಾರ್ಕ್ಸ್ ಕೊಟ್ಟವರು ಎಂಬುದು ನನಗೆ ಆಗ ಹೊಳೆಯಿತು. ಆದರೂ ಕೇಳಿದೆ, "ಇಷ್ಟು ಛಲೋ ಆಗ್ಯಾಳಂದ್ರ ಇನ್ನೆರಡು ಯಾಕ ಕಳದ್ರಿ?"

"ಅವು ತುರಿಕಿಗೆ ಅಲ್ಲರಿ, ಶಿಸ್ತಿಗೆ ಕಳದೇನಿ. ನಿನ್ನಿ ನನ್ನ ಚಪ್ಪಲಿ ಕಡದಾಳ."

ಹತ್ತು ನಿಮಿಷ ಬಿಡ್ರಿ

ಔಷಧದ ಶಾಂಪೂ ಹಚ್ಚಿ ತಕ್ಷಣ ತೊಳೆಯಬಾರದು, ಹತ್ತು ನಿಮಿಷ ಹಾಗೇ ಬಿಡಬೇಕು. ಇದು ಮೇಡಂ ಒತ್ತಿ ಒತ್ತಿ ಹೇಳಿದ ಪಾಠ. ಅಕ್ಕೋರು ಮೊಣಕಾಲು ನೋವೆಂದು ಕೂತಿದ್ದರಿಂದ ಮೀಸುವ ಕೆಲಸ ಯಜಮಾನರ ಪಾಲಿಗೆ ಬಂತು. ನಾನು ಫೋನಿನಲ್ಲೇ ಹೇಳಿದೆ: "ಮೈತುಂಬ ನೊರಿ ಬರೂಹಂಗ ತಿಕ್ಕಿ ಹತ್ತು ನಿಮಿಷ ಬಿಡ್ರಿ. ಆಮ್ಯಾಲೆ ತೊಳೀರಿ."

"ಆತ್ರಿ."

ಅರ್ಧ ತಾಸು ಕಳೆಯುವಷ್ಟರಲ್ಲಿ ಬಜಾರದ ಕಡೆಯಿಂದ ಕೂಗು ಕೇಳಿತು. "ಹುಚ್ಚನಾಯಿ ಬಂತು! ಮೈಯೆಲ್ಲ ನೊರಿ ಬಿಟ್ಟೈತಿ!" ಹೊರಗೆ ಬಂದು ನೋಡಿದರೆ ಹತ್ತಿಯ ಅರಳೆಯಂತೆ ಬೆಳ್ಳಗೆ ಉಬ್ಬಿದ ಪ್ರಾಣಿಯೊಂದು ಓಡುತ್ತಿದೆ. ಅಡತಿ ಅಂಗಡಿಗಳ ಮುಂದೆ ಹಮಾಲರು, ದಲಾಲರು, ಗಿರಾಕಿಗಳು ಎಲ್ಲ ಜೋಳದ ಚೀಲಗಳ ಒಟ್ಟಿಲು ಹತ್ತಿ ನಿಂತಿದ್ದಾರೆ. ಆ ಪ್ರಾಣಿ ನನ್ನನ್ನು ಗುರುತು ಹಿಡಿದು ಬಾಲ ಅಲ್ಲಾಡಿಸಿತು. ನೊರೆ ನನ್ನ ಮುಖಕ್ಕೆ ಸಿಡಿಯಿತು. ಸುಂದ್ರಿ!

ಹಿಂದೆ ಯಜಮಾನರು ಏದುಸಿರು ಬಿಡುತ್ತ ಬಂದರು. ಧೋತರವೆಲ್ಲ ತೊಯ್ದಿತ್ತು.

"ಇದೇನ್ರಿ ಧಣಿ, ಯಾಕ ಬಿಟ್ರಿ?"

"ಯಾಕ ಬಿಟ್ರಿ ಅಂತ ನನಗ ಕೇಳ್ತೀರಿ? ನೊರಿ ತಿಕ್ಕಿ ಹತ್ತು ನಿಮಿಷ ಬಿಡ್ರಿ ಅಂದವ್ರು ಯಾರು? ಬಿಟ್ಟೆ!"

ನಾನು ಮುಖದ ನೊರೆ ಒರೆಸಿಕೊಂಡೆ. ಅವರು ಒಟ್ಟಿಲ ಮೇಲಿನ ಗಿರಾಕಿಗಳ ಕಡೆ ಒಮ್ಮೆ ನೋಡಿ, "ನಿಮ್ಮ ಪರೀಕ್ಷಾ ಮುಗಿಯೂತನ ಸುಮ್ನಿರ್ತೇನಿ. ಆ ಮೇಡಂ ತಾನ ಬಾಯಿ ಬಿಟ್ಟು ಅಂಟೂದಿಲ್ಲ ಅನ್ನಬೇಕು. ಅನ್ನಲಿಲ್ಲಂದ್ರ ಅವತ್ತ ಹೊರ್ತಿ" ಅಂದರು. ಆಮೇಲೆ ಗಡಿಯಾರ ನೋಡಿಕೊಂಡು, "ಇನ್ನೂ ಎರಡು ನಿಮಿಷ ಬಾಕಿ ಐತಿ, ಅಷ್ಟೂ ಬಿಡಬೇಕೋ, ಹಿಡದು ತೊಳೀಲ್ಯೊ?" ಎಂದು ಕೇಳಿದರು.

ಪಥ್ಯ

ಗುಳಿಗೆ ನಿಲ್ಲಿಸಿದೊಡನೆ ತುರಿಕೆ ಮತ್ತೆ ಬಂತು. ಯಾವುದೋ ತಿನಿಸು ಒಗ್ಗುತ್ತಿರಲಿಕ್ಕಿಲ್ಲ ಎಂದರು ಮೇಡಂ. ಸುಂದ್ರಿ ಎಂದೂ ತಿನ್ನದ ಯಾವುದಾದರೂ ಮಾಂಸವನ್ನು ಆರಿಸಿ, ಕೆಲವು ವಾರ ಅದನ್ನಷ್ಟೇ ಕೊಡಬೇಕಂತೆ. "ಯಾವ ಮಾಂಸ ತಿಂದಿಲ್ಲ?" ಎಂದು ಕೇಳಿದರು.

"ಯಾವುದೂ ತಿಂದಿಲ್ಲ ಮೇಡಂ. ಅವರದು ಶಾಕಾಹಾರಿ ಮನೆ."

"ಮನೆಯವರನ್ನಲ್ಲ, ನಾಯಿಯನ್ನು ಕೇಳಿದೆ."

"ನಾಯಿಯೂ ಅವರ ಮನೆಯದೇ ಅಲ್ಲವೇ ಮೇಡಂ."

ಮೇಡಂ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ನೆಟ್‌ವರ್ಕ್ ಹೋಯಿತೆಂದುಕೊಂಡೆ. ಕೊನೆಗೆ ಜೋಳದ ನುಚ್ಚು, ಮಡಕಿ ಕಾಳು, ನೀರು, ಇಷ್ಟೇ ಎಂದು ನಿಶ್ಚಯವಾಯಿತು. ಗೋದಿ, ಹಾಲು ಎಲ್ಲ ಬಂದ್. ಅಕ್ಕೋರ ಅತ್ತೆ, ನಾವೆಲ್ಲ ಆಯಿ ಅನ್ನುವ ಹಿರಿಯ ಜೀವ, ಅವರ ಮುಂದೆಯೂ ಕೈಮುಗಿದು ಹೇಳಿದೆ. "ಆತಪಾ, ಒಂದ ಅಗಳೂ ಬ್ಯಾರೆ ಹಾಕೂದಿಲ್ಲ" ಅಂದರು.

ವಾರಗಳು ಕಳೆದರೂ ತುರಿಕೆ ಇಳಿಯಲಿಲ್ಲ. ಒಂದು ಮುಂಜಾನೆ ಹೋದಾಗ ಸುಂದ್ರಿಯ ಮೂಗಿನ ಮೇಲೆ ಗೋದಿ ಹುಗ್ಗಿ ಅಂಟಿತ್ತು.

"ಆಯಿ, ಏನೂ ತಿನಸಿಲ್ಲ ಅಂದ್ರಲ್ರಿ?"

"ಏನೂ ಇಲ್ಲಪಾ."

"ಮತ್ತ ಈ ಹುಗ್ಗಿ?"

"ಅದೆಲ್ಲಿ ತಿನಸು? ಅದು ಪ್ರಸಾದ." ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿ ಕೇಳಿದರು, "ನೀ ದಿನಾ ಪೂಜಾ ಮಾಡಾಂವ. ದೇವರ ಪ್ರಸಾದಕ್ಕ ತುರಿಕಿ ಬರ್ತೈತಿ ಅಂತ ನಿನ್ನ ಬಾಯಾಗಿಂದ ಹೇಳಿಬಿಡು, ನಿಲ್ಲಸ್ತೇನಿ."

ನನ್ನ ಪರಿಸ್ಥಿತಿ ನೀವೇ ಊಹಿಸಿರಿ. ಒಂದು ಕಡೆ ಮೇಡಂ, ಇನ್ನೊಂದು ಕಡೆ ಮಹಾದೇವ. ಹೌದೆಂದರೆ ಪಾಪ, ಇಲ್ಲವೆಂದರೆ ನಾಪಾಸು. ಕಣ್ಣು ಮುಚ್ಚಿ ಬೇಡಿಕೊಂಡೆ. ಅವನೇ ಬುದ್ಧಿ ಕೊಟ್ಟ. "ಆಯಿ, ಪ್ರಸಾದ ಬಿಡಬ್ಯಾಡ್ರಿ. ನೈವೇದ್ಯನ ನುಚ್ಚು, ಮಡಕಿ ಕಾಳಿಂದು ಮಾಡ್ರಿ. ಭಕ್ತಿಲೆ ಕೊಟ್ರ ದೇವರು ಏನ್ ಬ್ಯಾಡ ಅಂತಾನು?"

ಆಯಿ ಒಪ್ಪಿದರು. ತುರಿಕೆ ಇಳಿಯಿತು, ಬೋಳು ಹೊಟ್ಟೆಯ ಮೇಲೆ ಹೊಸ ಕೂದಲು ಚಿಗುರಿತು. ಹುಗ್ಗಿಗೆ ಆಸೆಪಟ್ಟು ಸಂಜೆ ದೇವರ ಮನೆಗೆ ಇಣುಕುತ್ತಿದ್ದ ಯಜಮಾನರು ಮಾತ್ರ ಗೊಣಗುತ್ತಿದ್ದರು: "ನಾಯಿಗೆ ಪಥ್ಯ, ಇರ್ಲಿ. ಪಾಪ, ಆ ದೇವರಿಗೆ ಏನಾಗಿತ್ರಿ?"

ದಾಟಿದ ರೋಗ

ಪರೀಕ್ಷೆಯ ದಿನ ಬಂತು. ಅಕ್ಕೋರ ಮನೆಯ ಪಡಸಾಲೆಯಲ್ಲೇ ಲ್ಯಾಪ್‌ಟಾಪ್ ಇಟ್ಟೆವು. ಅಲ್ಲಿಯವರೆಗೆ ನೆಟ್‌ವರ್ಕ್ ಉಳಿಸಲೆಂದು ನಾನು ಕ್ಯಾಮೆರಾ ಬಂದ್ ಇಟ್ಟೇ ಪಾಠ ಕೇಳುತ್ತಿದ್ದೆ. ಮೇಡಂ ನನ್ನ ಮುಖ ನೋಡಿದ್ದೇ ಅಂದು. ಯಜಮಾನರು ಅಂಗಡಿ ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಂತರು. ಇಂಗ್ಲಿಷ್ ತಿಳಿಯದ ಅವರಿಗೆ ಮೇಡಂ ಏನಂದರೂ ನಾನು ಇದ್ದದ್ದು ಇದ್ದ ಹಾಗೆ ಹೇಳಬೇಕೆಂದು ಮೊದಲೇ ಮಾತಾಗಿತ್ತು.

ಸುಂದ್ರಿಯ ಹೊಟ್ಟೆ ತೋರಿಸಿದೆ. ಬಗಲು ತೋರಿಸಿದೆ. ಮೇಡಂ, "ಬಹಳ ಚೆನ್ನಾಗಿದೆ, ತಿನಿಸಿನ ಅಲರ್ಜಿಯೇ ಇದು" ಅಂದರು. ಅಕ್ಕೋರ ಮುಖ ಅರಳಿತು. ಅಷ್ಟರಲ್ಲಿ ಸುಂದ್ರಿ ಮುಖ ತಿರುಗಿಸಿ ಕ್ಯಾಮೆರಾ ಮೂಸಿದಳು.

ಮೇಡಂ ಹುಬ್ಬು ಗಂಟಿಕ್ಕಿದರು. "ಒಂದು ನಿಮಿಷ. ಹಣೆಯ ಮೇಲೆ ಇದೇನು? ಬಿಳಿ ಪದರು. ಅಡ್ಡ ಮೂರು ಗೆರೆ. ಹಿಂದಿನ ಫೋಟೋಗಳಲ್ಲಿ ಇರಲಿಲ್ಲ."

ನಾನು ಸುಂದ್ರಿಯ ಹಣೆ ನೋಡಿದೆ. ನನಗೆ ಏನೂ ಕಾಣಲಿಲ್ಲ. ಅಕ್ಕೋರೂ ನೋಡಿದರು, ಅವರಿಗೂ ಕಾಣಲಿಲ್ಲ. "ಏನೂ ಇಲ್ಲ ಮೇಡಂ" ಅಂದೆ.

"ಇಷ್ಟು ಸ್ಪಷ್ಟವಾಗಿದೆ, ಇಲ್ಲ ಅನ್ನುತ್ತೀರಲ್ಲ!" ಎಂದವರು ಪರದೆಗೆ ಹತ್ತಿರ ಬಾಗಿ ನನ್ನನ್ನೇ ದಿಟ್ಟಿಸಿದರು. ದನಿ ತಗ್ಗಿತು. "ಡಾಕ್ಟರ್, ನಿಮಗೂ ಆಗಿದೆ."

ನಾನು ಅಂಗೈ ತಿರುವಿ ತಿರುವಿ ನೋಡಿಕೊಂಡೆ. ಪರದೇಶದ ಮೇಡಂ ಹೇಗಿರುತ್ತಾರೆ ನೋಡಬೇಕೆಂದು ಆಯಿ ಅದೇ ಹೊತ್ತಿಗೆ ನನ್ನ ಹೆಗಲ ಮೇಲಿಂದ ಇಣುಕಿದರು.

"ಅಯ್ಯೋ, ಆ ವೃದ್ಧೆಗೂ!" ಅಂದರು ಮೇಡಂ. "ಇದು ಪ್ರಾಣಿಯಿಂದ ಮನುಷ್ಯರಿಗೆ ದಾಟಿದೆ."

"ಏನಂತಾಳ್ರಿ?" ಎಂದು ಬಾಗಿಲಿನಿಂದ ಯಜಮಾನರು.

ದೇವರ ಮುಂದೆ ಸುಳ್ಳು ಹೇಳಿದವನಲ್ಲ ನಾನು. "ರೋಗ ಮಂದಿಗೆ ದಾಟೈತಿ ಅಂತಾರ್ರಿ. ನನಗೂ ಆಯಿಗೂ ಬಂದೈತಂತ."

ಅಕ್ಕೋರು ಸುಂದ್ರಿಯ ಕೊರಳು ತಬ್ಬಿಕೊಂಡರು. ಯಜಮಾನರು ದಡದಡ ಬಂದು ಲ್ಯಾಪ್‌ಟಾಪಿನ ಮುಂದೆ ಮುಖ ಒಡ್ಡಿದರು. "ದಿನಾ ಇದನ್ನ ಮೀಸಾಂವ ನಾನು. ನನಗ ಏನಾಗೈತಿ ನೋಡಂತ ಹೇಳ್ರಿ ಆಕಿಗೆ!"

ಮೇಡಂ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. "ಎಲ್ಲರಿಗಿಂತ ಇವರಿಗೇ ಹೆಚ್ಚಾಗಿದೆ. ಕಿವಿಯವರೆಗೂ ಹಬ್ಬಿದೆ!"

ಅದನ್ನೂ ಇದ್ದ ಹಾಗೆ ಹೇಳಿ, ನಾನು ಯಜಮಾನರ ಹಣೆ ನೋಡಿದೆ. ಅವರು ನನ್ನ ಹಣೆ ನೋಡಿದರು. ಇಬ್ಬರೂ ಆಯಿಯ ಹಣೆ ನೋಡಿದೆವು. ಎಲ್ಲರ ಹಣೆಯೂ ನಿತ್ಯದ ಹಾಗೇ ಇತ್ತು. ನಗು ಮೊದಲು ಬಂದದ್ದು ಅಕ್ಕೋರಿಗೆ. ಅವರು ಬೆರಳ ತುದಿಯಿಂದ ಸುಂದ್ರಿಯ ಹಣೆ ಮುಟ್ಟಿ, ಬೆಳ್ಳಗಾದ ಬೆರಳನ್ನು ಎತ್ತಿ ಹಿಡಿದರು.

"ಅತ್ತಿ, ಇದಕ್ಕೂ ವಿಭೂತಿ ಹಚ್ಚೀರೇನು?"

"ಹಚ್ಚಬಾರದ? ಪರೀಕ್ಷಾಕ್ಕ ಕುಂದ್ರಾಕಿ ಆಕಿ" ಅಂದರು ಆಯಿ.

ವಿಭೂತಿ! ಹುಟ್ಟಿದಾಗಿನಿಂದ ಎಲ್ಲರ ಹಣೆಯ ಮೇಲೂ ನೋಡಿ ನೋಡಿ, ನಮ್ಮ ಕಣ್ಣಿಗೆ ಅದು ಕಾಣುವ ವಸ್ತುವೇ ಆಗಿರಲಿಲ್ಲ. ಅಕ್ಕೋರು ತಮ್ಮ ಸಾಲಿಯ ಇಂಗ್ಲಿಷಿನಲ್ಲಿ ಮೇಡಂಗೆ ಬಿಡಿಸಿ ಹೇಳಿದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ತಾವೇ ಬಾಯಿ ಬಿಟ್ಟು ಹೇಳಿದರು: ಸುಂದ್ರಿಯದು ತಿನಿಸಿನ ಅಲರ್ಜಿ, ಯಾರಿಗೂ ಅಂಟುವುದಿಲ್ಲ, ನೀವು ಪಾಸು.

ನಾನು ಅಷ್ಟನ್ನೂ ಯಜಮಾನರಿಗೆ ಹೇಳಿ, ಅಳುಕುತ್ತ ಕೇಳಿದೆ, "ಇನ್ನ ಹೊರ್ತಿ ಮಾತು ಬಿಟ್ರೇನ್ರಿ, ಧಣಿ?"

ಅವರು ಸುಂದ್ರಿಯ ಪಕ್ಕ ಕೂತು ಅವಳ ತಲೆಯ ಮೇಲೆ ಕೈಯಿಟ್ಟರು.

"ಬಿಡದ ಏನ್ ಮಾಡೂದ್ರಿ? ಎಲ್ಲಾರಕಿಂತ ಜಾಸ್ತಿ ನನಗ ಆಗೈತಿ ಅಂದ್ಲಲ್ಲ ಆಕಿ. ಹೊರ್ತಿಗೆ ಕಳಸೂದಾದ್ರ ಮದಲ ನನ್ನ ಕಳಸಬೇಕಾಗ್ತೈತಿ!"

ಇಷ್ಟು ಹೊತ್ತು ನನ್ನ ಗೊಂದಲವನ್ನು ಕೂತು ಕೇಳಿದ ತಾಯಂದಿರಿಗೂ ಅಣ್ಣತಮ್ಮಂದಿರಿಗೂ, ನಿಮ್ಮ ಮನೆಯ ದನಕರು, ನಾಯಿ, ಬೆಕ್ಕುಗಳಿಗೂ ಆ ಶಿವನು ತಂಪಾದ ಮೈ, ತುಂಬಿದ ಹೊಟ್ಟೆ, ನಗುವ ಮನಸ್ಸು ಕೊಟ್ಟು ಕಾಯಲಿ.